ಕೋಳಿಗೂಡಿನ ಕೀಲಿ

ರುಕ್ಸಾನಾಳ ಕೈ ಮೊಣಕೈವರೆಗೂ ಕೋಳಿಗೂಡಿನೊಳಗಿತ್ತು. ಬೆಳಗಿನ ನಮಾಜು ಮುಗಿಸಿ ಹಿತ್ತಲಿಗೆ ಬಂದ ಅತ್ತೆ ಜೈನಾಬಿ ಅದನ್ನು ಕಣ್ಣಾರೆ ಕಂಡಳು. ಸೊಸೆ ಬೆಚ್ಚಿಬಿದ್ದು ಕೈ ಹೊರಗೆಳೆದುಕೊಂಡಳು. ಕೈ ಖಾಲಿಯಿತ್ತು. ಗೂಡಿನ ಹುಲ್ಲಿನಲ್ಲಿ ಎರಡೇ ಎರಡು ಮೊಟ್ಟೆ ಇದ್ದವು.

"ನಾಲ್ಕು ಕೋಳಿಗೆ ಎರಡೇ ಮೊಟ್ಟೆ! ಉಳಿದಿದ್ದು ಎಲ್ಲಿ ಹೋದ್ವು?"

"ನಂಗೇನು ಗೊತ್ತು ಅತ್ತಿ. ಇಟ್ಟಾವೇನೋ ಅಂತ ನೋಡ್ತಿದ್ದೆ."

"ನೋಡಾಕೆ ನಾನು ಸತ್ತಿದ್ನಾ? ಹರಿಹರಕ್ಕೆ ತವರಿಗೆ ಹೋಗೋವಾಗ ಡಬ್ಬಿ ತುಂಬ್ಕೊಂಡು ಹೋಗ್ತೀಯಲ್ಲ, ಅದ್ರಾಗೆ ಏನಿರ್ತೈತೆ ಅಂತ ಈಗ ತಿಳೀತು ಬಿಡು. ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ!"

ರುಕ್ಸಾನಾ ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಹಿಟ್ಟು ನಾದಲು ಕೂತಳು.

ಜೈನಾಬಿಯ ಸಿಟ್ಟಿಗೆ ಕಾರಣವಿತ್ತು. ಮಗ ನಯೀಮ್ ಕರೂರು ಕೈಗಾರಿಕಾ ಪ್ರದೇಶದ ಮಾಲು ಸಾಗಿಸಲು ಹೊಸ ಲಗೇಜ್ ಗಾಡಿ ತಂದಿದ್ದ. ಅದನ್ನು ನಿಲ್ಲಿಸಲು ಆನೆಕೊಂಡದ ಆ ಪುಟ್ಟ ಮನೆಯಲ್ಲಿ ಹಿತ್ತಲು ಬಿಟ್ಟರೆ ಬೇರೆ ಜಾಗವಿರಲಿಲ್ಲ. "ಇಡೋ ತನಕ ಇರ್ಲಿ ಅಮ್ಮೀ. ಇಡೋದು ಬಿಟ್ರೆ ಮಾತ್ರ ಸಾರು ಮಾಡಿಬಿಡ್ರಿ, ಗೂಡು ಕಿತ್ತಾಕ್ತೀನಿ," ಎಂದಿದ್ದ. ಆ ಕೋಳಿಗಳು ಜೈನಾಬಿಯ ಗಂಡ ಬಡೇಸಾಬ್ ತಾನು ಸಾಯುವ ವರ್ಷ ಹರಿಹರದ ಸಂತೆಯಿಂದ ಮರಿಯಾಗಿ ತಂದವು. ಅಡುಗೆಮನೆಯ ಉಳಿದೆಲ್ಲ ಕೆಲಸ ಸೊಸೆಯ ಪಾಲಾಗಿದ್ದರೂ ಶುಕ್ರವಾರದ ಖಾಗಿನಾ ಮಾತ್ರ ಜೈನಾಬಿಯದೇ. ಈರುಳ್ಳಿ, ಹಸಿಮೆಣಸಿನಕಾಯಿ ಕೆಂಪಗೆ ಹುರಿದು, ಅದರ ಮೇಲೆ ಮೊಟ್ಟೆ ಒಡೆದು ಹಾಕಿ ಕದಡುತ್ತಿದ್ದಳು. ಅದೂ ಮನೆಯ ಮೊಟ್ಟೆಯೇ ಆಗಬೇಕು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ನಂಬಿದ್ದ ಮುದುಕಿಯಷ್ಟು ಮೂರ್ಖಳಲ್ಲ ಜೈನಾಬಿ. ಆದರೆ ತನ್ನ ಕೋಳಿ ಇಟ್ಟರೇ ಮಗನಿಗೆ ಊಟ ರುಚಿಸುವುದು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ.

ಅಂದೇ ಗೂಡಿಗೆ ಬೀಗ ಬಿತ್ತು. ಕೀಲಿಯನ್ನು ಜೈನಾಬಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನು ನೋಡೋಣ, ಮೊಟ್ಟೆ ಹೇಗೆ ತುಂಬುತ್ತವೆ ಎಂದುಕೊಂಡು ಮರುದಿನ ತಾನೇ ಬೀಗ ತೆಗೆದಳು. ಒಂದೂ ಇರಲಿಲ್ಲ. ಅದರ ಮರುದಿನವೂ ಇಲ್ಲ. ಕೋಳಿಗಳು ಮಾತ್ರ ತಮಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಜೋಳದ ನುಚ್ಚು ತಿಂದು, ಬೂದಿಯಲ್ಲಿ ಹೊರಳಾಡಿ, ನೆರಳು ಹುಡುಕಿಕೊಂಡು ಹೋದವು.

ಶುಕ್ರವಾರ ಬಂತು. ಖಾಲಿ ಗೂಡಿನ ಮುಂದೆ ಜೈನಾಬಿ ಕುಕ್ಕರುಗಾಲಲ್ಲಿ ಕೂತಿದ್ದಾಗ ಹಿಂದಿನ ಓಣಿಯ ಮಾಬೂಬೀ ಗೋಡೆಯ ಮೇಲಿಂದ ಇಣುಕಿದಳು. ಕೈಯಲ್ಲಿ ಬಟ್ಟೆಯ ಗಂಟಿತ್ತು.

"ರುಕ್ಸಾನಾ ಇಲ್ವಾ? ಎರಡು ದಿನ ಆತು, ಮೊಟ್ಟೆ ತಗೊಂಡು ಹೋಗಾಕೆ ಬಂದೇ ಇಲ್ಲ. ಹುಷಾರಿಲ್ವೇನೋ ಅಂತ ನಾನೇ ತಂದೆ."

"ಯಾವ ಮೊಟ್ಟೆ?" ಎಂದಳು ಜೈನಾಬಿ.

ಮಾಬೂಬೀ ನಾಲಿಗೆ ಕಚ್ಚಿಕೊಂಡಳು. ಆದರೆ ಗಂಟು ಆಗಲೇ ಗೋಡೆ ದಾಟಿತ್ತು, ಮಾತೂ ದಾಟಿತ್ತು.

"ನಿನ್ ಕೋಳಿ ಮುದಿಯಾಗಿ ಇಡೋದು ಬಿಟ್ಟು ಯಾವ ಕಾಲ ಆತೋ ಮಾರಾಯ್ತಿ! ರುಕ್ಸಾನಾನೇ ದಿನಾ ನಸುಕಿನಾಗೆ ನನ್ ಹತ್ರ ಮೊಟ್ಟೆ ಇಸ್ಕೊಂಡು ಬಂದು ಗೂಡಿನಾಗೆ ಇಡ್ತಿದ್ಲು. ಬದಲಿಗೆ ನನ್ ಮಗಳ ಮದುವೆ ಸೀರೆಗೆಲ್ಲ ಕುಚ್ಚು ಕಟ್ಟಿಕೊಟ್ಲು. ಈ ಬಿಸಿಲಿಗೆ ನನ್ನವೂ ಕಮ್ಮಿ ಮಾಡ್ಯಾವೆ, ಅದಕ್ಕೇ ಎರಡಕ್ಕಿಂತ ಜಾಸ್ತಿ ಕೊಡಾಕೆ ಆಗ್ಲಿಲ್ಲ. ಯಾಕೆ ಅಂತ ಕೇಳಿದ್ರೆ, ಮಾವ ಹೋದಾಗ ಅತ್ತಿ ಹಾಸಿಗೆ ಹಿಡಿದಿದ್ರು, ಈ ಕೋಳಿಗೆ ಕಾಳು ಹಾಕಾಕೆ ಅಂತಾನೇ ಎದ್ರು. ಇವೂ ಹೋದ್ರೆ ಮತ್ತೆ ಮಲಗಿಬಿಡ್ತಾರೆ ಅಂತ ಅಳ್ತಿದ್ಲು ಆ ಹುಡುಗಿ."

ಮಾಬೂಬೀ ಹೋದ ಮೇಲೂ ಜೈನಾಬಿ ಎದ್ದೇಳಲಿಲ್ಲ. ಕಳ್ಳತನದ ಮಾತಾಡಿದ ತನ್ನ ಬಾಯನ್ನೇ ಹೊಡೆದುಕೊಳ್ಳಬೇಕೆನ್ನಿಸಿತು. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಕೊನೆಗೆ ಗಂಟು ಹಿಡಿದುಕೊಂಡು ಒಳಗೆ ಹೋದವಳು ಈರುಳ್ಳಿ ಹೆಚ್ಚಲು ಕೂತಳು. ಅಂದು ಈರುಳ್ಳಿ ಬಹಳ ಖಾರವಿತ್ತು.

ಮಧ್ಯಾಹ್ನ ಮಸೀದಿಯಿಂದ ಬಂದ ನಯೀಮ್ ಊಟಕ್ಕೆ ಕೂತ. ಜೈನಾಬಿ ಅಂದು ಯಾಕೋ ಸೊಸೆಯನ್ನೂ ಕೈಹಿಡಿದು ಪಕ್ಕದಲ್ಲೇ ಕೂರಿಸಿ, ಮೊದಲು ಅವಳ ತಟ್ಟೆಗೇ ಖಾಗಿನಾ ಬಡಿಸಿದಳು. ನಯೀಮ್ ರೊಟ್ಟಿ ಮುರಿಯುತ್ತಾ ಕೇಳಿದ:

"ಗೂಡಿಗೆ ಬೀಗ ಹಾಕೀರಂತೆ? ಖರೇ ಹೇಳ್ರಿ ಅಮ್ಮೀ, ಕೋಳಿ ಇನ್ನೂ ಇಡ್ತಾವೋ ಇಲ್ವೋ?"

ಜೈನಾಬಿ ಸೊಂಟದ ಕೀಲಿ ತೆಗೆದು ರುಕ್ಸಾನಾಳ ತಟ್ಟೆಯ ಪಕ್ಕ ಇಟ್ಟಳು.

"ನನ್ನ ಯಾಕ ಕೇಳ್ತಿ? ಅವಳನ್ನ ಕೇಳು. ಇನ್ಮೇಲೆ ಗೂಡು ಅವಳದೇ."

ರುಕ್ಸಾನಾ ಕೀಲಿ ನೋಡಿದಳು. ಹಿತ್ತಲ ಗೋಡೆಯ ಕಡೆ ನೋಡಿದಳು. ಅತ್ತೆಯ ಕೆಂಪಾದ ಕಣ್ಣು ನೋಡಿದಳು.

"ಇಡ್ತಾವ್ರಿ," ಎಂದಳು ಗಂಡನಿಗೆ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾ. "ನಡುವೆ ಎರಡು ದಿನ ಯಾಕೋ ಮನಸ್ಸಿಗೆ ಬೇಜಾರು ಮಾಡ್ಕೊಂಡಿದ್ವು."