ಹತ್ತೊಂಬತ್ತನೆಯ ಸಂಧಿ

ಹತ್ತೊಂಬತ್ತನೆಯ ಸಂಧಿ ಏಳನೆಯ ಸಲ ವಾಪಸು ಬಂತು. ಈ ಸಲ ಒಲ್ಲೆನೆಂದವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ರಾಘವೇಂದ್ರ. “ಮನ್ಯಾಗ ಸೊಸಿ ಬಸುರಿ ಇದ್ದಾಳ್ರಿ. ಇಂಥಾದ್ರಾಗ ರಾಜಕುಮಾರನ ವಧೆ ಓದೂದು ಬ್ಯಾಡ,” ಎಂದು ಫೋನಿನಲ್ಲಿ ಹೇಳಿ, ಬೇಕಿದ್ದರೆ ಸ್ವಯಂವರವನ್ನು ಇನ್ನೊಮ್ಮೆ ಓದಿಕೊಡುವುದಾಗಿ ಉದಾರತೆ ತೋರಿದರು. ಅವರಿಗಿಂತ ಮೊದಲು ಒಲ್ಲೆನೆಂದ ಆರು ಜನರಲ್ಲಿ ಒಬ್ಬರು ಮಗಳಿಗೆ ವರ ನೋಡುತ್ತಿದ್ದರು, ಒಬ್ಬರು ಹೊಸ ಕಾರು ತಂದಿದ್ದರು, ಇನ್ನೊಬ್ಬರಿಗೆ ಗಂಟಲು ಕೆಟ್ಟಿತ್ತು. ಅದು ಈ ಸಂಧಿಗಷ್ಟೇ ಕೆಟ್ಟಿತ್ತು.

ಕಣ್ಣಿಲ್ಲದವರೂ ಮಹಾಕಾವ್ಯ ಕೇಳಲಿ ಎಂದು ನವನಗರದ ಇಪ್ಪತ್ತು ಮಂದಿ ಕಲಿತವರು ಕೂಡಿ, ಸಂಧಿಗೊಬ್ಬರಂತೆ ಓದಿ ಆಡಿಯೋ ಪುಸ್ತಕ ಮಾಡುತ್ತಿದ್ದರು. ಮುಂದಾಳು ನಿವೃತ್ತ ಪ್ರಾಧ್ಯಾಪಕ ಸತ್ಯಬೋಧ. ಅವರ ಮನೆಯ ಒಳಕೋಣೆಯೇ ಸ್ಟುಡಿಯೋ. ಸದ್ದು ತಡೆಯಲು ಗೋಡೆಗೆ ಕೌದಿ, ಕಿಟಕಿಗೆ ಗಾದಿ, ಬಾಗಿಲಿಗೆ ಅವರೇ ದಪ್ಪಕ್ಷರದಲ್ಲಿ ಬರೆದ ಫಲಕ: ‘ಕೆಂಪು ದೀಪ ಹತ್ತಿದಾಗ ಮೌನ. ಕೆಮ್ಮು ಬಂದವರು ಹೊರಗೆ.’ ಕೊನೆಯ ಸಂಧಿಯಾದ ಪಟ್ಟಾಭಿಷೇಕವನ್ನು ಮೊದಲ ದಿನವೇ ತಮ್ಮ ಹೆಸರಿಗೆ ಬರೆದುಕೊಂಡಿದ್ದರು. ಅಂದೇ ಎಲ್ಲರಿಗೂ ಒಂದು ಶಾಸ್ತ್ರ ಹೇಳಿದ್ದರು: ವಧೆ ಓದಿದವರು ಹಾಗೇ ಏಳಬಾರದು, ಕುಳಿತಲ್ಲೇ ಪಟ್ಟಾಭಿಷೇಕ ಓದಿ ಏಳಬೇಕು, ಇಲ್ಲದಿದ್ದರೆ ಮನೆಗೆ ಕೇಡು. ಹೆದರಿಕೆಯನ್ನು ಊರಿಗೆಲ್ಲ ಹಂಚಿ ಮದ್ದನ್ನು ತಾವೇ ಇಟ್ಟುಕೊಂಡರು.

ಹೀಗಾಗಿ ಚಂದವ್ವನವರಿಗೆ ಕರೆ ಹೋಯಿತು. ಗುಳೇದಗುಡ್ಡದಲ್ಲಿ ಮೂವತ್ತು ವರ್ಷ ಕನ್ನಡ ಸಾಲಿ ಕಲಿಸಿದ ಹೆಂಗಸು. ಬಳಗ ಕಟ್ಟಿದ ವಾರವೇ ಬಂದು, ಪಟ್ಟಾಭಿಷೇಕ ತಮಗೆ ಕೊಡಿರೆಂದು ಕೇಳಿದ್ದರು. ಅವರಪ್ಪ ಪ್ರತಿ ಶ್ರಾವಣಕ್ಕೆ ಗುಡಿಯಲ್ಲಿ ಅದನ್ನು ಓದುತ್ತಿದ್ದ, ಒಮ್ಮೆಯಾದರೂ ತಾವು ಓದಬೇಕೆಂಬ ಆಸೆ ಅವರಿಗೆ. “ನೋಡೂಣು,” ಎಂದಿದ್ದರು ಸತ್ಯಬೋಧ. ಎಂಟು ತಿಂಗಳಿಂದ ನೋಡುತ್ತಲೇ ಇದ್ದರು.

ಚಂದವ್ವ ಬಂದು ಮೈಕಿನ ಮುಂದೆ ಕುಳಿತರು. ಧ್ವನಿಮುದ್ರಣ ನೋಡಿಕೊಳ್ಳುವ ವಂದನಾ, ಚಂದವ್ವನವರ ಕಿವಿಗೆ ಹೆಡ್‌ಫೋನ್ ಹಾಕಿ, ಬಾಗಿಲ ಬಳಿ ನಿಂತಿದ್ದ ಸತ್ಯಬೋಧರ ಹತ್ತಿರ ಹೋಗಿ ಪಿಸುಗುಟ್ಟಿದಳು. “ಸರ, ಇದು ಏಳು ಮಂದಿ ಒಲ್ಲೆ ಅಂದದ್ದು ಅಂತ ಅವರಿಗೆ ಹೇಳಬೇಕಲ್ರಿ?”

“ಹೇಳಿ ಏನ್ ಮಾಡೂದದ? ಗಂಡ ಹೋಗಿ ನಾಕು ವರ್ಷಾತು. ಮಕ್ಕಳು ಮರಿ ಇಲ್ಲ. ಆಕಿಗೆ ಇನ್ನೇನ್ ಆಗೂದದ?”

ಮೈಕು ಆಗಲೇ ತೆರೆದಿತ್ತು. ಪಿಸುಮಾತನ್ನೂ ಬಿಡದ ಒಳ್ಳೆಯ ಮೈಕು ಅದು, ಸತ್ಯಬೋಧರೇ ಆರಿಸಿ ತರಿಸಿದ್ದು. ಚಂದವ್ವ ಪುಸ್ತಕದಿಂದ ಕಣ್ಣೆತ್ತಲಿಲ್ಲ. ತೆರೆದ ಪುಟವನ್ನು ಅಂಗೈಯಿಂದ ಒಮ್ಮೆ ಒತ್ತಿ ಸರಿಮಾಡಿದರು.

ಕೆಂಪು ದೀಪ ಹತ್ತಿತು. ಅವರು ಅಳಲಿಲ್ಲ, ಕೂಗಲಿಲ್ಲ, ಸಾಲಿಯಲ್ಲಿ ಹಾಜರಿ ಕರೆದಷ್ಟು ನೇರವಾಗಿ ಓದಿದರು. ರಾಜಕುಮಾರ ಬಿದ್ದಾಗ ವಂದನಾ ಸೆರಗು ಕಣ್ಣಿಗೊತ್ತಿಕೊಂಡಳು. ಚಹಾ ತಂದ ಲೀಲಾಬಾಯಿ, ಸತ್ಯಬೋಧರ ಹೆಂಡತಿ, ಹೊಸ್ತಿಲಲ್ಲೇ ನಿಂತುಬಿಟ್ಟರು. ಸತ್ಯಬೋಧ ಮಾತ್ರ ಗಡಿಯಾರ ನೋಡುತ್ತಿದ್ದರು. ಇದಾದ ಮೇಲೆ ಅವರ ಪಟ್ಟಾಭಿಷೇಕ. ಅದಕ್ಕೆಂದೇ ಜರಿ ಶಾಲು ಹೊದ್ದು ಸಿದ್ಧರಾಗಿದ್ದರು, ಯಾರಿಗೂ ಕಾಣದ ಆಡಿಯೋ ಪುಸ್ತಕಕ್ಕೆ.

ದೀಪ ಆರಿತು. ಚಂದವ್ವ ಹೆಡ್‌ಫೋನ್ ತೆಗೆದು ಎದ್ದರು. “ಬರ್ತೇನ್ರಿ.”

“ಭಾಳ ಛಲೋ ಓದಿದ್ರಿ. ನಿಮಗೊಂದು ಅಭಿನಂದನಾ ಪತ್ರ ಕಳಸ್ತೀವಿ.”

“ನೀವು ಬಾಗಿಲದಾಗ ನಿಂತು ಅಂದದ್ದು ಇದರಾಗ ಕೇಳಿಸ್ತ್ರಿ ಸರ,” ಎಂದು ಚಂದವ್ವ ಹೆಡ್‌ಫೋನನ್ನು ಮೇಜಿನ ಮೇಲಿಟ್ಟರು. “ಖರೇನ ಐತಿ. ನನಗ ಇನ್ನೇನ್ ಆಕೈತಿ? ಆದ್ರ ವಧೆ ಓದಿದ್ದು ನಿಮ್ಮ ಮನ್ಯಾಗ. ಪಟ್ಟಾಭಿಷೇಕ ಓದದ ಎದ್ದೇನಿ. ಮುಂದಿನದು ನೀವು ನೋಡ್ಕೋರಿ.”

ಸತ್ಯಬೋಧ ನಗಲು ನೋಡಿದರು. “ಕಲಿತವರು ನೀವು. ಇಂಥಾವೆಲ್ಲಾ ನಂಬ್ತೀರೇನು?”

“ನಾ ನಂಬೂದಿಲ್ರಿ. ನಂಬೂ ಮಂದಿ ಏಳು ಜನರನ್ನ ದಾಟಿ ಇದು ನನ್ನ ಕಡೆ ಬಂತು.”

ಚಂದವ್ವ ಪಡಸಾಲೆಗೆ ಹೋಗಿ ಚಪ್ಪಲಿ ಹುಡುಕತೊಡಗಿದರು. ಲೀಲಾಬಾಯಿ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ಗಂಡನತ್ತ ತಿರುಗಿದರು. “ಏನ್ ನೋಡ್ಕೋತ ನಿಂತೀರಿ? ಹಂಗ ಹೋದ್ರ ಮನಿ ಗತಿ ಏನು? ಚಂದವ್ವಾರ, ಕೈ ಮುಗೀತೀನಿ, ಪಟ್ಟಾಭಿಷೇಕ ಓದೇ ಹೋಗ್ರಿ.”

“ಅದು ನಂದು!” ಎಂದರು ಸತ್ಯಬೋಧ, ಆಟಿಕೆ ಕಳೆದುಕೊಂಡ ಕೂಸಿನಂತೆ.

“ನಿಮ್ಮ ಶಾಲು ಒಲ್ಯಾಗ ಇಡ್ರಿ!” ಎಂದು ಲೀಲಾಬಾಯಿ ಗದರಿದರು.

“ಸರ ಹೇಳಲಿ,” ಎಂದು ಚಂದವ್ವ ಚಪ್ಪಲಿಯಲ್ಲಿ ಒಂದು ಕಾಲಿಟ್ಟು ನಿಂತರು.

ಪ್ರಾಧ್ಯಾಪಕರು ಹೆಂಡತಿಯ ಮುಖ ನೋಡಿದರು, ದೇವರ ಕೋಣೆಯ ಕಡೆ ನೋಡಿದರು. ಮೂವತ್ತೈದು ವರ್ಷ ತರಗತಿ ನಡುಗಿಸಿದ ಗಂಟಲಿನಿಂದ ಒಂದೇ ಮಾತು ಬಂತು. “ಓದ್ರಿ.”

ಚಂದವ್ವ ಮರಳಿ ಕುಳಿತು ಕೊನೆಯ ಸಂಧಿ ತೆರೆದರು. ಕೆಂಪು ದೀಪ ಹತ್ತಿತು. “ಓದುತ್ತಿರುವವರು ಚಂದವ್ವ, ಗುಳೇದಗುಡ್ಡ,” ಎಂದು ಮೊದಲು ತಮ್ಮ ಹೆಸರು ಹೇಳಿದರು. ಅರಸ ಸಿಂಹಾಸನದ ಮೊದಲ ಮೆಟ್ಟಿಲು ಹತ್ತುವ ಹೊತ್ತಿಗೆ, ಫ್ಯಾನಿಲ್ಲದ ಆ ಕೋಣೆಯಲ್ಲಿ ಸತ್ಯಬೋಧರ ಗಂಟಲು ಕೆರೆಯತೊಡಗಿತು. ತಡೆದರು. ಮತ್ತೂ ತಡೆದರು. ಲೀಲಾಬಾಯಿ ಬಾಯಿ ಬಿಡದೆ ಬಾಗಿಲ ಮೇಲಿನ ಫಲಕಕ್ಕೆ ಬೆರಳು ತೋರಿಸಿದರು.

ಜರಿ ಶಾಲನ್ನು ಬಾಯಿಗೆ ತುರುಕಿಕೊಂಡು ಅವರು ತುದಿಗಾಲಲ್ಲಿ ಹೊರಗೆ ನಡೆದರು.