ಬೆಲೆ ಇಳಿಸಲು ಹೋದವನು

ಅಂದು ಬೆಳಿಗ್ಗೆ ಮೋಡ ಕವಿದಿತ್ತು. ಮಳೆಯಿಲ್ಲ, ಬರೀ ಗಾಳಿ. ಅಂಕಣಕಾರ ಮಾರಾಟಕ್ಕಿದ್ದ ಮನೆಯ ಅರೆತೆರೆದ ಬಾಗಿಲು ತಳ್ಳಿ ಒಳಗೆ ಬಂದಾಗ ಹೆಂಗಸೊಬ್ಬಳು ಅಡುಗೆಮನೆಯ ಕಿಟಕಿಗೆ ಚಿಲಕ ಹಾಕುತ್ತಿದ್ದಳು. ಬ್ರೋಕರ್ ಇನ್ನೂ ಬಂದಿರಲಿಲ್ಲ. ಒಳ್ಳೆಯದೇ ಆಯಿತು. ಮನೆಯೊಡತಿಯ ಜೊತೆ ನೇರವಾಗಿ ಮಾತಾಡಿ ಮುಗಿಸಬಹುದು.

ಅವನು ಎಷ್ಟೋ ವರ್ಷದಿಂದ ಪತ್ರಿಕೆಗೆ ಮನೆಗಳ ಬೆಲೆಯ ಬಗ್ಗೆ ಬರೆಯುತ್ತಿದ್ದ. ಮುಂದಿನ ವರ್ಷ ಇಳಿಯುತ್ತದೆ, ಕಾಯಿರಿ ಎಂದು ಪ್ರತಿ ವರ್ಷವೂ ಬರೆದಿದ್ದ. ಬೆಲೆಗಳು ಪತ್ರಿಕೆ ಓದುತ್ತಿರಲಿಲ್ಲವೇನೋ, ಏರುತ್ತಲೇ ಇದ್ದವು. ಅವನ ಮಾತು ನಂಬಿ ಕಾದವನು ಊರಿನಲ್ಲಿ ಒಬ್ಬನೇ: ಅವನೇ. ಈಗ ಬಾಡಿಗೆ ಮನೆಯನ್ನೂ ತಿಂಗಳೊಳಗೆ ಖಾಲಿ ಮಾಡಬೇಕಿತ್ತು.

"ಇವತ್ತು ಮನೆ ಗೊತ್ತು ಮಾಡ್ಕೊಂಡೇ ಬನ್ನಿ," ಎಂದು ಹೆಂಡತಿ ಹೇಳಿ ಕಳಿಸಿದ್ದಳು. "ಇಲ್ಲಾಂದ್ರೆ ನಾನೂ ಮಕ್ಕಳೂ ನಮ್ಮಣ್ಣನ ಮನೆಗೆ. ನೀವು ನಿಮ್ಮ ಅಂಕಣದಲ್ಲೇ ಸಂಸಾರ ಮಾಡಿ."

ಅವನು ಗೋಡೆ ಸವರಿದ. "ತೇವ ಇದೆಯಲ್ಲಮ್ಮ."

"ಹೌದು ರೀ. ಒಳಗಿನ ರೂಮಲ್ಲಿ ಇನ್ನೂ ಜಾಸ್ತಿ."

ಮೆಟ್ಟಿಲು ಕಡಿದಾಯಿತು ಎಂದ. ಬಿಸಿಲೂ ಬೀಳುವುದಿಲ್ಲ ಎಂದು ಆಕೆಯೇ ಸೇರಿಸಿದಳು. ಇಂಥ ಸತ್ಯವಂತರೂ ಇದ್ದಾರಲ್ಲ ದೇವರೇ, ಎಂದು ಅವನು ಮನಸ್ಸಿನಲ್ಲೇ ಕೈಮುಗಿದ. ಆದರೂ ಅಭ್ಯಾಸಬಲ.

"ಮುಂದಿನ ವರ್ಷ ಬೆಲೆ ಬೇರೆ ಇಳಿಯುತ್ತೆ. ಪೇಪರಲ್ಲಿ ಅದನ್ನ ಬರೆಯೋನೇ ನಾನು."

"ನೀವೇ ಹಾಗಂದ್ಮೇಲೆ ಮುಗೀತು ಬಿಡಿ!" ಆಕೆ ಕಣ್ಣರಳಿಸಿದಳು. ಅವನ ಮಾತಿಗೆ ಯಾರೂ ಹೀಗೆ ಕಣ್ಣರಳಿಸಿದ್ದಿಲ್ಲ.

"ಐವತ್ತೈದು ಲಕ್ಷ. ಏನಂತೀರಿ?"

"ಐವತ್ತೈದಾ? ಈ ಗೂಡಿಗಾ? ಐವತ್ತೆರಡು ಸಾಕು."

ಮಾರುವವಳೇ ಬೆಲೆ ಇಳಿಸುತ್ತಿದ್ದಾಳಲ್ಲ! ಈ ಅಮಾಯಕಿಯನ್ನು ದೋಚಿದರೆ ಪಾಪ ಸುತ್ತಿಕೊಳ್ಳದೆ ಬಿಡುತ್ತದೆಯೇ?

"ಬೇಡಮ್ಮ, ದೇವರು ಮೆಚ್ಚಲ್ಲ. ಐವತ್ತಾರು."

"ಅಯ್ಯೋ, ಏರಿಸ್ತಾ ಹೋಗ್ತೀರಲ್ರೀ! ಐವತ್ಮೂರು."

"ಐವತ್ತೆಂಟು! ಇನ್ನು ಮಾತಾಡಬೇಡಿ." ತನ್ನ ಧರ್ಮಬುದ್ಧಿಗೆ ಅವನು ತಾನೇ ಕರಗಿಹೋದ.

ಆಕೆ ನಿಟ್ಟುಸಿರಿಟ್ಟಳು. "ಭಾರೀ ಗಟ್ಟಿಗರು ನೀವು. ಆಗಲಿ."

ಅವನು ಮುಂಗಡದ ಲಕೋಟೆ ಹಿಡಿದು, ಕಣ್ಣುಮುಚ್ಚಿ, ದೇವರನ್ನು ನೆನೆದು ಕೈಚಾಚಿದ. ಲಕೋಟೆ ಹೋಯಿತು. ಹೋದ ಕೈಗೇ ಇನ್ನೊಂದು ಬಂತು. ಕಣ್ಣುಬಿಟ್ಟರೆ ಅವನದು ಆಕೆಯ ಕೈಯಲ್ಲಿ, ಆಕೆಯದು ಅವನ ಕೈಯಲ್ಲಿ.

"ನೀವ್ಯಾಕೆ ಕೊಡ್ತಿದೀರಿ?" ಇಬ್ಬರೂ ಒಟ್ಟಿಗೇ ಕೇಳಿದರು. "ಮನೆ ನಿಮ್ಮದಲ್ವಾ?"

ಹೊಸ್ತಿಲಲ್ಲಿ ಬ್ರೋಕರ್ ನಿಂತಿದ್ದ, ಪಕ್ಕದಲ್ಲಿ ಒಬ್ಬ ಮುದುಕ. "ಇವರೇ ಓನರ್ರು," ಎಂದ ಬ್ರೋಕರ್.

ಮುದುಕ ಬೊಚ್ಚುಬಾಯಲ್ಲಿ ನಕ್ಕ. "ಎಲ್ಲಾ ಹೊರಗೇ ಕೇಳಿಸ್ತಪ್ಪ. ಐವತ್ತು ಬಂದ್ರೆ ಸಾಕು, ಕೊಟ್ಬಿಡೋಣ ಅಂತ ಬಂದೆ. ಐವತ್ತೆಂಟು ಅಂತ ನೀವೇ ತೀರ್ಮಾನ ಮಾಡಿದೀರಿ, ನಾನ್ಯಾಕೆ ಬೇಡ ಅನ್ನಲಿ? ನಿಮ್ಮಿಬ್ಬರಲ್ಲಿ ತಗೊಳ್ಳೋರು ಯಾರು?"

ಆಕೆ ಅಂಕಣಕಾರನ ಲಕೋಟೆಯನ್ನು ಮೆಲ್ಲಗೆ ಅವನ ಕೈಗಿಟ್ಟು, ತನ್ನದನ್ನು ತೆಗೆದುಕೊಂಡಳು. "ನೀವೇ ತಗೊಳ್ಳಿ ಸಾರ್. ಮುಂದಿನ ವರ್ಷ ಇಳಿಯುತ್ತೆ ಅಂದ್ರಲ್ಲ, ನಾನು ಕಾಯ್ತೀನಿ."