ಹುಣ್ಣಿಮೆಯ ಅಲೆ, ಷಷ್ಠಿಯ ಅಲೆ

ಮೂರನೆಯ ಅಲೆಗೇ ಅಮ್ಮಣ್ಣಿ ಎದ್ದು ನಿಂತುಬಿಟ್ಟಳು. ಐವತ್ತೇಳು ವರ್ಷದ ಹೆಂಗಸು, ಮೈಮೇಲೆ ಮಗಳ ಜಿಮ್ಮಿನ ಪ್ಯಾಂಟು, ತುಂಬುತೋಳಿನ ಟೀ ಶರ್ಟು. ಎರಡೂ ಕೈ ಚಾಚಿಕೊಂಡು, ಸರ್ಫಿಂಗ್ ಹಲಗೆಯ ಮೇಲೆ ಕೋವಳಂ ದಡದವರೆಗೂ ತೇಲಿ ಬಂದು, ಮನೆಯ ಮೆಟ್ಟಿಲು ಇಳಿದ ಹಾಗೆ ಇಳಿದಳು. ಮಗಳು ಭಾವನಾ ಫೋನಿನಲ್ಲಿ ವಿಡಿಯೋ ತೆಗೆಯುತ್ತಲೇ ಕುಣಿದಳು. ಪಂಢರಿನಾಥರು ಬಾಯಲ್ಲಿದ್ದ ಉಪ್ಪುನೀರು ಉಗಿದು ಚಪ್ಪಾಳೆ ತಟ್ಟಿದರು. ಕಟ್ಟಿಕೊಂಡ ಹೆಂಡತಿಗೆ ಅಷ್ಟಾದರೂ ಮಾಡದಿದ್ದರೆ ನೋಡಿದವರು ಏನೆಂದಾರು?

ಅಷ್ಟರಲ್ಲಿ ಅವರು ಒಂಬತ್ತು ಸಲ ಬಿದ್ದಾಗಿತ್ತು. ಸರ್ಫಿಂಗಿನ ಹುಚ್ಚು ಅವರದೇ. ವಿಮಾ ಕಚೇರಿಯಿಂದ ನಿವೃತ್ತರಾದರೂ ಮೂಲೆ ಹಿಡಿಯುವ ಆಸಾಮಿ ತಾನಲ್ಲ ಎಂದು ತಾಂಬರಂ ಫ್ಲ್ಯಾಟಿನ ಅಕ್ಕಪಕ್ಕದವರಿಗೆಲ್ಲ ಸಾರಿಕೊಂಡು ಬಂದಿದ್ದರು. ಅಮ್ಮಣ್ಣಿ ಬಂದದ್ದು ಟವಲು ಹಿಡಿದುಕೊಳ್ಳುವುದಕ್ಕೆ; ಮಗಳ ಬಲವಂತಕ್ಕೆ ನೀರಿಗಿಳಿದಳು, ಅಷ್ಟೆ. ದಿನ ಗೊತ್ತುಮಾಡಿದ್ದೂ ಅವರೇ. ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದೆಂಬುದು ಅವರ ಮನೆಯಲ್ಲಿ ತಲೆಮಾರಿನಿಂದ ನಡೆದುಬಂದ ಕಟ್ಟು. ಹಾಗಾಗಿ ಪಂಚಾಂಗ ನೋಡಿ ಶನಿವಾರ ಬಿದ್ದ ಹುಣ್ಣಿಮೆಯನ್ನೇ ಆರಿಸಿದ್ದರು. ಮೂವತ್ತು ವರ್ಷ ಪರ್ವಸ್ನಾನಕ್ಕೆ ಮರೀನಾ ಬೀಚಿಗೆ ಕರೆದೊಯ್ದಾಗಲೆಲ್ಲ, ಸಣ್ಣ ಅಲೆ ಬಂದರೂ ಕಣ್ಣು ಮುಚ್ಚಿ ಅವರ ರಟ್ಟೆ ಹಿಡಿಯುತ್ತಿದ್ದವಳು ಈಕೆ. ಈಗ ಯಾರ ರಟ್ಟೆಯೂ ಬೇಡವಾಗಿತ್ತು.

"ಅಮ್ಮಾ, ನೀ ಚಾನ್ಸೇ ಇಲ್ಲ" ಎಂದಳು ಭಾವನಾ. "ಅಪ್ಪ ಪಾವಂ. ಅವ್ರಿಗೂ ಇನ್ನೊಂದು ಟ್ರೈ ಕೊಡೋಣ."

ಪಾವಂ ಎಂಬ ಆ ತಮಿಳು ಕನಿಕರ, ಮರಳಿಗೆ ತರಚಿದ ಮೊಣಕಾಲಿಗಿಂತ ಹೆಚ್ಚು ಉರಿಯಿತು. ಕಲಿಸುತ್ತಿದ್ದ ಸಾಯಿ ಅದೇ ಊರಿನ ಮೀನುಗಾರ, ನಲವತ್ತರ ಆಸುಪಾಸಿನವನು. ಅವನು ತಮಿಳಿನಲ್ಲಿ ಸಮಾಧಾನ ಹೇಳಿದ. ಹುಣ್ಣಿಮೆಗೆ ನೀರಿನ ಸೆಳೆತ ಜಾಸ್ತಿ, ಹೊಸಬರು ಸಾಮಾನ್ಯವಾಗಿ ಈ ದಿನ ಬರುವುದಿಲ್ಲ, ಐದಾರು ದಿನ ಬಿಟ್ಟು ಬಂದರೆ ಕಡಲು ಸಾಧುವಾಗಿರುತ್ತದೆ, ಆಗ ಸಾರ್ ಕೂಡ ನಿಂತೇ ನಿಲ್ಲುತ್ತಾರೆ ಎಂದ. ಅಲ್ಲಿಗೆ ನಿಲ್ಲಿಸಬಾರದಿತ್ತೇ? ಅಮ್ಮಣ್ಣಿಯ ಕಡೆ ತಿರುಗಿ, ಇಂಥ ನೀರಿನಲ್ಲಿ ನಿಂತರೆಂದರೆ ಅಮ್ಮ ಸಾಮಾನ್ಯರಲ್ಲ ಎಂದೂ ಸೇರಿಸಿದ. ಪಂಢರಿನಾಥರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು.

ಕಾರಿನಲ್ಲಿ ಅಮ್ಮಣ್ಣಿ ಒದ್ದೆ ಕೂದಲು ಕೊಡವುತ್ತ, "ರೀ, ಮುಂದಿನ ಪರ್ವ ಯಾವಾಗ?" ಎಂದು ಕೇಳಿದಳು.

"ಇನ್ನು ಅಮಾವಾಸ್ಯೆಗೇ. ಹದಿನೈದು ದಿನ ನೀರು ಮುಟ್ಟೋ ಹಾಗಿಲ್ಲ" ಎಂದರು. ಹೇಳುವಾಗ ಒಳಗೊಳಗೇ ಹಾಲು ಕುಡಿದಷ್ಟು ಸುಖವಾಯಿತು.

ಆ ಸುಖ ಮರುದಿನದವರೆಗೂ ಉಳಿಯಲಿಲ್ಲ. ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಬಂದ ಅಮ್ಮಣ್ಣಿ, ನಡುಮನೆಯಲ್ಲಿ ಜಮಖಾನ ಹಾಸಿ ಬೋರಲು ಮಲಗಿ, ಛಂಗನೆ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡತೊಡಗಿದಳು. ಅವಳಿಗೆ ಕಾಯುವುದು ಕಷ್ಟವೇ ಆಗಿರಲಿಲ್ಲ. ಸಂಜೆ ಮಗಳು ಆ ವಿಡಿಯೋ ನೆಂಟರ ಗುಂಪಿಗೆಲ್ಲ ಕಳಿಸಿದಳು. ಭೇಷ್ ಅಮ್ಮಣ್ಣಿ ಎಂದು ಬರೆದವರಲ್ಲಿ ಪಂಢರಿನಾಥರ ಸ್ವಂತ ತಂಗಿಯೇ ಮೊದಲಿಗಳು. ಅವರು ಬಿದ್ದದ್ದನ್ನೂ ಯಾರೋ ಕೇಳಿ ನಕ್ಕಿದ್ದರು.

ಶುಕ್ರವಾರ ಬೆಳಗ್ಗೆ, ಪಲ್ಲಾವರಂ ಸಂತೆಯಲ್ಲಿ ಹಳೆಯ ಮಿಕ್ಸಿಗೆ ಜಾರು ಸಿಗುತ್ತದೋ ನೋಡಿ ಬರುತ್ತೇನೆಂದು ಹೇಳಿ ಪಂಢರಿನಾಥರು ಹೊರಟರು. ಬಿಸಿಲೆಂದು ಅಮ್ಮಣ್ಣಿ ನಿಂಬೆ ಪಾನಕದ ಬಾಟಲಿ ತಂದು ಕೈಗಿತ್ತಳು. ಒಣಬಟ್ಟೆ ಬಚ್ಚಿಟ್ಟಿದ್ದ ಚೀಲದ ಬಾಯನ್ನು ಒತ್ತಿ ಹಿಡಿದು, ಬಾಟಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಟೋ ಹತ್ತಿದ್ದು ಕೋವಳಂಗೆ. ಅಂದು ಷಷ್ಠಿ; ಪರ್ವವೂ ಅಲ್ಲ, ಏನೂ ಅಲ್ಲ. ಅರವತ್ತೆರಡು ವರ್ಷ ಮೀರದ ಕಟ್ಟು ಮೀರಿ ನೀರಿಗೆ ಕಾಲಿಟ್ಟರು. ಮನಸ್ಸಿನಲ್ಲೇ ತಪ್ಪಾಯಿತೆಂದು ಕೈಮುಗಿದು ಒಳಗೆ ನಡೆದರು.

ಸಾಯಿ ಹೇಳಿದಂತೆ ಕಡಲು ಸಾಧುವಾಗಿತ್ತು. ಆರು ಸಲ ಬಿದ್ದರು. ಏಳನೆಯ ಸಲ ಅವನು ಹಲಗೆ ದೂಡಿದಾಗ ಮೊಣಕಾಲು ಎದ್ದಿತು, ಪಾದ ಊರಿತು, ಬೆನ್ನು ನೆಟ್ಟಗಾಯಿತು. ಪಂಢರಿನಾಥರು ನಿಂತಿದ್ದರು! ಕಾಲಡಿಯಲ್ಲಿ ಬಂಗಾಳ ಕೊಲ್ಲಿ ಓಡುತ್ತಿತ್ತು. ಅಮ್ಮಣ್ಣಿಗಿಂತ ಹೆಚ್ಚು ಹೊತ್ತು, ಅಮ್ಮಣ್ಣಿಗಿಂತ ಹೆಚ್ಚು ದೂರ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ದಡ ಮುಟ್ಟಿದವರೇ ಹೆಮ್ಮೆಯಿಂದ ಹಿಂದಿರುಗಿ ನೋಡಿದರು. ಸಾಯಿ ದೂರದಲ್ಲಿ ಮುಗುಚಿದ ಇನ್ನೊಬ್ಬರ ಹಲಗೆಯ ಹಿಂದೆ ಈಜುತ್ತಿದ್ದ, ಪಂಢರಿನಾಥರ ಕಡೆಗೆ ಅವನ ಬೆನ್ನಿತ್ತು. ಫೋನು ಚೀಲದಲ್ಲಿತ್ತು. ಮನೆಯಲ್ಲಿ ಹೇಳುವ ಹಾಗಂತೂ ಇಲ್ಲವೇ ಇಲ್ಲ.

ಹತ್ತು ಮಾರು ಆಚೆ ಒಬ್ಬ ಮುದುಕಿ ಮರಳಿನ ಮೇಲೆ ಮೀನು ಒಣಹಾಕುತ್ತಿದ್ದಳು. ಪಂಢರಿನಾಥರು ಹಲಗೆಯನ್ನು ಎಳೆದುಕೊಂಡೇ ಏದುಸಿರು ಬಿಡುತ್ತ ಅವಳ ಬಳಿಗೆ ಹೋಗಿ, "ನೋಡಿದ್ರಾ ಅಮ್ಮಾ?" ಎಂದು ತಮಿಳಿನಲ್ಲಿ ಕೇಳಿದರು.

ಮುದುಕಿ ತಲೆಯೆತ್ತಿ ಅವರನ್ನು ನೋಡಿದಳು. ಅವರ ಬೆನ್ನ ಹಿಂದಿದ್ದ ಕಡಲನ್ನು ನೋಡಿದಳು.

"ಏನನ್ನ?" ಎಂದಳು.